ನೆರೆಮನೆಯ ಒಲೆ

ಧಾರವಾಡ ಜಿಲ್ಲೆಯ ಪೂರ್ವಭಾಗವೆಲ್ಲ ಎರೆಯ ಬಯಲು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಸುತ್ತ ಕಣ್ಣು ಹಾಯುವವರೆಗೆ ಕಪ್ಪು ಮಣ್ಣು ಹಬ್ಬಿದೆ. ಮಳೆ ಬಿದ್ದಾಗ ಕಾಲಿಗೆ ಮೆತ್ತಿಕೊಳ್ಳುವ, ಬಿಸಿಲು ಹತ್ತಿದಾಗ ಬಾಯಿಬಿಟ್ಟು ಬಿರಿಯುವ ಈ ಮಣ್ಣು ಹಿಂಗಾರಿ ಜೋಳ, ಕಡಲೆ, ಗೋದಿ, ಹತ್ತಿಗಳ ತವರು. ಪಶ್ಚಿಮದ ಕಲಘಟಗಿಯದು ಬೇರೆ ಬಗೆ. ಅದು ಮಲೆನಾಡಿನ ಸೆರಗು; ಅಲ್ಲಿ ಭತ್ತದ ಗದ್ದೆಗಳುಂಟು, ಕಾಡುಂಟು. ಬೆಳೆ ಬೇರೆಯಾದರೂ ಎರಡೂ ಕಡೆಯ ರೈತನ ಕಣ್ಣು ಮುಗಿಲಿನ ಮೇಲೆಯೇ ಇರುತ್ತದೆ. ಮಳೆ ಹದವಾಗಿ ಬಂದ ವರ್ಷ ಕಣದಲ್ಲಿ ರಾಶಿ. ತಪ್ಪಿದ ವರ್ಷ ಮನೆಯಲ್ಲಿ ಉಪವಾಸ.

ಇಂಥ ನೆಲದಲ್ಲಿ ಬಾಳಿದ ಜನ ತಮ್ಮ ಒಲೆಯ ಜೊತೆಗೆ ನೆರೆಮನೆಯ ಒಲೆಯನ್ನೂ ಗಮನಿಸುವುದನ್ನು ಕಲಿತರು. ಸಂಜೆಯ ಹೊತ್ತು ಯಾವ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಎದ್ದಿತು, ಯಾವುದರಿಂದ ಏಳಲಿಲ್ಲ ಎಂಬುದು ಓಣಿಯವರಿಗೆಲ್ಲ ಕಾಣುತ್ತಿತ್ತು. ಕಂಡ ಮೇಲೆ ಏನು ಮಾಡಬೇಕು? ಕೊಡಬೇಕಾದರೆ ಹೇಗೆ ಕೊಡಬೇಕು? ಈ ಎರಡು ಪ್ರಶ್ನೆಗಳಿಗೆ ನಮ್ಮ ಜನ ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳನ್ನು ಇಲ್ಲಿ ನೋಡೋಣ.

ಹಸಿವು ಈ ಭಾಗಕ್ಕೆ ಹೊಸ ಅತಿಥಿಯಲ್ಲ. 1791-92ರಲ್ಲಿ ಬಿದ್ದ ಬರವನ್ನು ಜನ ‘ಡೋಗಿ ಬರ’ ಎಂದು ಕರೆದರು. ಸತ್ತವರನ್ನು ಹೂಳಲು ಜನರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂಬ ನೆನಪು ಆ ಹೆಸರಿನಲ್ಲಿ ಉಳಿದಿದೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ನೂರಾರು ತಲೆಬುರುಡೆಗಳು ಸಾಲಾಗಿ ದೊರೆತವು. ಅವುಗಳ ಕಾಲ, ಕಾರಣಗಳ ವಿಷಯದಲ್ಲಿ ವಿದ್ವಾಂಸರು ಭಿನ್ನ ಅಭಿಪ್ರಾಯಗಳನ್ನು ಹೇಳಿದರು. ಕೆಲವರು ಯುದ್ಧವೆಂದರು, ಕೆಲವರು ಬರವೆಂದರು. ಬರದ ಮಾತು ಅಷ್ಟು ಬೇಗ ಎದ್ದಿತೆಂಬುದೇ ಈ ನೆಲದ ನೆನಪು ಎಂಥದೆಂಬುದನ್ನು ತಿಳಿಸುತ್ತದೆ.

1876ರಲ್ಲಿ ಮಳೆ ಮತ್ತೆ ಕೈಕೊಟ್ಟಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಬಹಳ ನೊಂದವು. ಸರಕಾರ ರಸ್ತೆ, ಕೆರೆಗಳ ಕೆಲಸ ತೆಗೆದು ಕೂಲಿ ಕೊಟ್ಟಿತು. ಆದರೆ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಆ ಕೂಲಿಯನ್ನು ಇಳಿಸಿದನು. ದಿನವೆಲ್ಲ ಕಲ್ಲು ಒಡೆದು ಮಣ್ಣು ಹೊತ್ತ ಗಂಡಾಳಿಗೆ ದೊರೆಯುತ್ತಿದ್ದುದು ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ. ಅನ್ನ ಕೊಟ್ಟಂತೆಯೂ ಆಗಬೇಕು, ಖರ್ಚು ಹೆಚ್ಚಾಗಲೂ ಬಾರದು ಎಂಬ ಲೆಕ್ಕ ಅದು. ಆ ಲೆಕ್ಕದಲ್ಲಿ ಮನುಷ್ಯನ ಹೊಟ್ಟೆಗೆ ಜಾಗ ಕಡಿಮೆಯಿತ್ತು.

ಬರವೆಂದರೆ ಕಾಳಿಲ್ಲದ ಕಾಲ ಎಂದು ನಾವು ತಿಳಿಯುತ್ತೇವೆ. ಅದು ಅರ್ಧ ಸತ್ಯ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ನಾಡಿನಲ್ಲಿ ಧಾನ್ಯವಿದ್ದರೂ ಅದನ್ನು ಪಡೆಯುವ ಶಕ್ತಿ ಇಲ್ಲದವರು ಹಸಿವಿನಿಂದ ಸಾಯಬಹುದೆಂದು ತೋರಿಸಿದರು. ಕೆಲಸ ತಪ್ಪಿದ ಕೂಲಿಕಾರ, ಗಿರಾಕಿಗಳನ್ನು ಕಳೆದುಕೊಂಡ ನೇಕಾರ, ಗಂಡನನ್ನು ಕಳೆದುಕೊಂಡ ಹೆಂಗಸು, ಇವರ ಪಾಲಿಗೆ ಪೇಟೆಯಲ್ಲಿ ಕಾಳಿದ್ದರೂ ಇಲ್ಲದಂತೆಯೇ. ನಮ್ಮ ಹಳ್ಳಿಗಳ ಹಗೇವುಗಳನ್ನು ನೆನೆದರೆ ಈ ಮಾತು ಸುಲಭವಾಗಿ ತಿಳಿಯುತ್ತದೆ.

ಹಗೇವು ಎಂದರೆ ನೆಲದೊಳಗಿನ ಕಣಜ. ಗಟ್ಟಿ ನೆಲವನ್ನು ನೋಡಿ, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಅಗಲವಾಗಿ ಕುಳಿ ತೋಡುತ್ತಿದ್ದರು. ತಳಕ್ಕೂ ಗೋಡೆಗೂ ಜೋಳದ ದಂಟು, ಹೊಟ್ಟುಗಳನ್ನು ಹಾಸಿ, ಕಾಳು ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗೆ ಉಳಿದ ಆಮ್ಲಜನಕ ಬರಬರುತ್ತ ತೀರಿ ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುವುದರಿಂದ ಹುಳು ಬದುಕುತ್ತಿರಲಿಲ್ಲ. ಜೋಳ ಕೆಲವು ವರ್ಷ ಕೆಡದೆ ಇರುತ್ತಿತ್ತು. ಅದೇ ಕಾರಣದಿಂದ ಹಗೇವಿಗೆ ಅವಸರದಲ್ಲಿ ಇಳಿದವನ ಪ್ರಾಣಕ್ಕೂ ಅಪಾಯವಿತ್ತು. ತಿಳಿದವರು ಬಾಯಿ ತೆರೆದು ಬಹಳ ಹೊತ್ತು ಗಾಳಿಗೆ ಬಿಟ್ಟು, ದೀಪವೊಂದನ್ನು ಇಳಿಬಿಟ್ಟು ಅದು ಆರುವುದಿಲ್ಲವೆಂದು ಕಂಡ ಮೇಲೆಯೇ ಇಳಿಯುತ್ತಿದ್ದರು.

ಹಗೇವು ಬರಗಾಲದ ಬಂಧು. ಆದರೆ ಅದರ ಬಾಯಿ ಯಾರಿಗಾಗಿ ತೆರೆಯುತ್ತಿತ್ತು ಎಂಬುದು ಒಡೆಯನ ಮನಸ್ಸಿಗೆ ಬಿಟ್ಟದ್ದು. ಕಷ್ಟಕಾಲದಲ್ಲಿ ಊರವರಿಗೆ ಅಳೆದುಕೊಟ್ಟು ಹೆಸರು ಪಡೆದವರಿದ್ದರು. ಕೊಟ್ಟ ಕಾಳಿಗೆ ಸುಗ್ಗಿಯಲ್ಲಿ ಹೆಚ್ಚು ಕಾಳು ಕೇಳಿದವರೂ ಇದ್ದರು. ಬೆಲೆ ಏರಲೆಂದು ಮುಚ್ಚಿಯೇ ಇಟ್ಟವರೂ ಇದ್ದರು. ಒಂದೇ ಊರಿನ ನೆಲದ ಕೆಳಗೆ ತುಂಬಿದ ಹಗೇವು, ನೆಲದ ಮೇಲೆ ತಣ್ಣಗಾದ ಒಲೆ: ಎರಡೂ ಒಟ್ಟಿಗೆ ಇರಲು ಸಾಧ್ಯವಿತ್ತು.

ಹಂಚಿಕೆಯನ್ನು ಒಬ್ಬನ ಮನಸ್ಸಿಗೆ ಮಾತ್ರ ಬಿಡದೆ ಊರಿನ ಪದ್ಧತಿಯನ್ನಾಗಿ ಮಾಡುವ ಪ್ರಯತ್ನವೂ ನಡೆದಿತ್ತು. ಕಣದಲ್ಲಿ ರಾಶಿಯಾದಾಗ ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ ಮೊದಲಾದವರಿಗೆ ‘ಆಯ’ ಸಲ್ಲುತ್ತಿತ್ತು. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಗಳನ್ನು ಬಡವರು ಆಯ್ದುಕೊಳ್ಳುತ್ತಿದ್ದರು. ಇದಕ್ಕೆ ‘ಹಕ್ಕಲು’ ಎಂದು ಹೆಸರು. ಈ ಪದ್ಧತಿಗಳಿಂದ ಎಷ್ಟೋ ಮನೆಗಳ ಒಲೆ ಹೊತ್ತಿದ್ದು ನಿಜ. ಆದರೆ ಇವನ್ನು ಬರಿದೆ ಹೊಗಳಿ ಮುಗಿಸಬಾರದು. ಊರಿಗಾಗಿ ಎಲ್ಲರಿಗಿಂತ ಹೆಚ್ಚು ದುಡಿದವರನ್ನೇ ಜಾತಿಯ ಹೆಸರಿನಲ್ಲಿ ಕಣದ ಅಂಚಿಗೆ ನಿಲ್ಲಿಸಿ, ಮೇಲಿನಿಂದ ಸೆರಗಿಗೆ ಸುರಿಯುವ ರೂಢಿ ಅಲ್ಲಿ ಇತ್ತು. ಕಾಳು ದೊರೆಯುತ್ತಿತ್ತು, ಮರ್ಯಾದೆ ದೊರೆಯುತ್ತಿರಲಿಲ್ಲ. ಹೊಟ್ಟೆ ತುಂಬಿಸಿ ತಲೆ ತಗ್ಗಿಸುವ ಕೊಡುಗೆ ಅರ್ಧ ಕೊಡುಗೆ.

ಈ ಕೊರತೆಯನ್ನು ಹನ್ನೆರಡನೆಯ ಶತಮಾನದ ಶರಣರು ಕಂಡುಕೊಂಡಿದ್ದರು. ದಾನ ಎಂಬ ಮಾತಿಗೆ ಬದಲಾಗಿ ಅವರು ‘ದಾಸೋಹ’ ಎಂಬ ಮಾತನ್ನು ಮುಂದಿಟ್ಟರು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಉಣ್ಣುವವನು ಬಂದದ್ದು ತನ್ನ ಭಾಗ್ಯವೆಂದು ಅವನು ತಿಳಿಯಬೇಕು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಇದಕ್ಕೆ ಇನ್ನೊಂದು ಮುಖವನ್ನು ಸೇರಿಸುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿ ಕಳುಹಿಸಿದಳು. ಅವರು ಬಡವರು, ಆದರೂ ಸಾಕು ಎಂಬ ಮಾತನ್ನು ಬಲ್ಲವರು. ಇದ್ದವನು ಸಾಕೆಂದು ನಿಲ್ಲುವುದು ಕಠಿಣ, ಇಲ್ಲದವಳು ಸಾಕೆಂದಳು. ಬಡವರಿಗೆ ಸ್ವಾಭಿಮಾನವಿರುವುದಿಲ್ಲ ಎಂದು ತಿಳಿದವರಿಗೆ ಈ ಕಥೆ ಉತ್ತರ ಹೇಳುತ್ತದೆ.

ದಾಸೋಹದ ಈ ದಾರಿ ನಮ್ಮ ಭಾಗದಲ್ಲಿ ಇಂದಿಗೂ ಅಳಿದಿಲ್ಲ. 1929ರಲ್ಲಿ ಲಿಂಗೈಕ್ಯರಾದ ಸಿದ್ಧಾರೂಢರ ಹುಬ್ಬಳ್ಳಿಯ ಮಠದಲ್ಲಿ ಬಂದವರನ್ನು ಊರು, ಜಾತಿ ಕೇಳದೆ ಉಣಬಡಿಸುತ್ತಾರೆ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಚಿತ ಪ್ರಸಾದನಿಲಯವನ್ನು ನಡೆಸಿ, ಹಳ್ಳಿಗಳಿಂದ ಕಲಿಯಲು ಬಂದ ಬಡ ಹುಡುಗರಿಗೆ ಊಟ, ವಸತಿಗಳ ಆಸರೆ ಕಲ್ಪಿಸಿದರು. ಅದಕ್ಕೆ ಬೇಕಾದ ಜೋಳ, ಕಾಳು ಹಳ್ಳಿಯ ರೈತರ ಮನೆಗಳಿಂದಲೇ ಬರುತ್ತಿತ್ತು. ಹೀಗೆ ಅಕ್ಷರ ಬಾರದ ಎಷ್ಟೋ ರೈತರು ಇತರರ ಮಕ್ಕಳನ್ನು ಓದಿಸಿದರು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ತಾವೇ ಬಡಿದ ರೊಟ್ಟಿಗಳನ್ನು ಇಂದಿಗೂ ಬಂಡಿಗಟ್ಟಲೆ ಕಳುಹಿಸುತ್ತಾರೆ. ಅಷ್ಟು ರಾಶಿಯಲ್ಲಿ ಯಾರ ರೊಟ್ಟಿ ಯಾರ ತಟ್ಟೆಗೆ ಹೋಯಿತೆಂದು ಯಾರೂ ಹೇಳಲಾರರು. ಕೊಟ್ಟವರ ಹೆಸರು ಅಳಿದು ಅನ್ನ ಮಾತ್ರ ಉಳಿಯುತ್ತದೆ.

ಮಠ, ಜಾತ್ರೆಗಳ ದೊಡ್ಡ ದಾಸೋಹಗಳನ್ನು ಎಲ್ಲರೂ ಕಾಣುತ್ತಾರೆ. ಓಣಿಯಲ್ಲಿ ಸದ್ದಿಲ್ಲದೆ ನಡೆಯುವುದು ಕಾಣುವುದಿಲ್ಲ. ನಾನು ಶಿಕ್ಷಕನಾಗಿದ್ದ ಒಂದು ಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಎರಡು ಮಕ್ಕಳೊಂದಿಗೆ ನನ್ನ ನೆರೆಯಲ್ಲಿದ್ದಳು. ಕಳೆ ತೆಗೆಯುವ ಕೂಲಿಯಿಂದ ಅವಳ ಸಂಸಾರ ಸಾಗುತ್ತಿತ್ತು. ಮಳೆ ಹೋದ ವರ್ಷ ಕೂಲಿಯೂ ಹೋಯಿತು. ಅವಳು ಯಾರ ಮನೆಯ ಮುಂದೆಯೂ ಕೈಯೊಡ್ಡುವವಳಲ್ಲ. ಎದುರು ಮನೆಯ ಹಿರಿಯ ಹೆಂಗಸು ಒಂದು ಸಂಜೆ ಅವಳ ಬಾಗಿಲಿಗೆ ಬಂದು, “ತಂಗೀ, ನಾಳೆ ನಮ್ಮನ್ಯಾಗ ಮಂದಿ ಬರೋರದಾರ. ರೊಟ್ಟಿ ಬಡ್ಯಾಕ ನನ್ನೊಬ್ಬಾಕಿ ಕೈ ಸಾಲಂಗಿಲ್ಲ. ನೀ ಒಂದೀಟು ಬಂದ್ರ ಭಾಳ ಚಲೋ ಆಕ್ಕೈತಿ ನೋಡವಾ” ಎಂದಳು. “ಅದಕ್ಯಾಕ ಇಷ್ಟ ಕೇಳ್ತೀ ಅಕ್ಕಾ, ಬರತೀನಿ ತಗೋ” ಎಂದು ಇವಳು ಒಪ್ಪಿದಳು. ಮರುದಿನ ರೊಟ್ಟಿ ಬಡಿದು ಹೊರಟಾಗ ಬುಟ್ಟಿಯಲ್ಲಿ ರೊಟ್ಟಿ, ಹಿಂಡಿ, ಸೇರು ಹಿಟ್ಟು ಬಂದವು. ಮತ್ತೆ ನಾಲ್ಕು ದಿನಕ್ಕೆ ಇನ್ನೊಂದು ಮನೆಯವರಿಗೆ ಕಾಳು ಹಸನು ಮಾಡಲು ಕೈ ಸಾಲದಾಯಿತು. ಆ ಬೇಸಿಗೆ ಮುಗಿಯುವವರೆಗೆ ಓಣಿಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಅವಳ ಕೈ ಬೇಕಾಗುತ್ತಲೇ ಇತ್ತು. ಅದನ್ನು ಕೂಲಿ ಎನ್ನಲಾರೆವು, ಭಿಕ್ಷೆ ಎನ್ನಲಾರೆವು. ಯಾವ ಗ್ರಂಥವನ್ನೂ ಓದದ ಆ ಹೆಂಗಸರಿಗೆ ದಾಸೋಹದ ಅರ್ಥ ತಿಳಿದಿತ್ತು.

ಇಂಥ ನೆರೆತನಕ್ಕೆ ಈ ಕಾಲದಲ್ಲಿಯೂ ಪರೀಕ್ಷೆಗಳು ಬಂದಿವೆ. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಬೇಸಿಗೆಯಲ್ಲಿ ಬತ್ತಿದರೂ ಮಳೆಗಾಲದಲ್ಲಿ ಮೇರೆ ಮೀರುವ ಹಳ್ಳಗಳು. 2019ರ ಆಗಸ್ಟಿನಲ್ಲಿ ಮಲಪ್ರಭೆಯೂ ಉಕ್ಕಿ ಉತ್ತರ ಕರ್ನಾಟಕದ ಹಲವು ಊರುಗಳಿಗೆ ನೀರು ನುಗ್ಗಿದಾಗ, ನೀರು ತಲುಪದ ಊರುಗಳ ಓಣಿ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಅದರ ಹಿಂದಿನ ವರ್ಷ ಕೊಡಗಿನಲ್ಲಿ ಗುಡ್ಡ ಕುಸಿದಾಗಲೂ ಈ ಭಾಗದ ರೊಟ್ಟಿ ಅಲ್ಲಿಯವರೆಗೆ ಹೋಗಿತ್ತು. ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿಯೊಂದಿದ್ದರೆ ಒಲೆಯಿಲ್ಲದ ಕಡೆಯಲ್ಲಿಯೂ ಊಟವಾಗುತ್ತದೆ. 2020ರಲ್ಲಿ ಕೊರೋನಾ ರೋಗದ ಕಾರಣ ದೇಶವೆಲ್ಲ ಬಾಗಿಲು ಮುಚ್ಚಿದಾಗ ದಿನಗೂಲಿಯವರ ಗಳಿಕೆ ಒಂದೇ ದಿನದಲ್ಲಿ ನಿಂತಿತು. ಆಗ ಯುವಕ ಸಂಘಗಳು, ಮಹಿಳೆಯರ ಸ್ವಸಹಾಯ ಸಂಘಗಳು, ಮಠ, ಮಸೀದಿ, ಚರ್ಚುಗಳು ಅಕ್ಕಿ, ಬೇಳೆ, ಎಣ್ಣೆಗಳನ್ನು ಕೂಡಿಸಿ ಮನೆಮನೆಗೆ ಮುಟ್ಟಿಸಿದವು.

ಹಾಗಾದರೆ ಹಸಿದವನ ಅನ್ನ ಯಾವಾಗಲೂ ನೆರೆಯವರ ಕರುಣೆಯನ್ನೇ ಕಾಯಬೇಕೆ? ಕೂಡದು. ಕರುಣೆ ಇಂದು ಬರಬಹುದು, ನಾಳೆ ಬಾರದಿರಬಹುದು. ಹಸಿವು ಮಾತ್ರ ದಿನವೂ ಬರುತ್ತದೆ. ಆದ್ದರಿಂದಲೇ ಅನ್ನವನ್ನು ಹಕ್ಕಾಗಿ ಮಾಡಬೇಕಾಯಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಯ ಮಕ್ಕಳಿಗೆ ಬಿಸಿಯೂಟ ನೀಡಬೇಕೆಂದು ಆದೇಶಿಸಿತು. 2002ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟರು. ಶರಣರ ಮಾತು ಸರಕಾರದ ಕಡತಕ್ಕೆ ಬಂದಿತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಜಾರಿಯಾಯಿತು. ಅದೇ ವರ್ಷ ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆ ಬಂದಿತು. ಪಡಿತರದ ಧಾನ್ಯವನ್ನು ಪಡೆಯುವವನು ಯಾರ ಮುಂದೆಯೂ ಬಾಗಬೇಕಾಗಿಲ್ಲ. ಅದು ಅವನ ಪಾಲು.

ಹಕ್ಕು ಬಂದ ಮೇಲೆ ನೆರೆಯವರ ಕೆಲಸ ಮುಗಿಯಿತೆಂದು ತಿಳಿಯಬಾರದು. ದುಡಿಮೆ ಅರಸಿ ಗುಳೆ ಹೋದ ದಂಪತಿಗಳು ಹಳ್ಳಿಯಲ್ಲಿ ಬಿಟ್ಟುಹೋದ ಮುದುಕರುಂಟು. ಹೆಬ್ಬೆರಳಿನ ಗೆರೆ ಸವೆದು ಪಡಿತರದಂಗಡಿಯ ಯಂತ್ರಕ್ಕೆ ಗುರುತು ಸಿಗದ ಕೂಲಿಕಾರರುಂಟು. ಕಾಳಿದ್ದರೂ ಎದ್ದು ಬೇಯಿಸಿಕೊಳ್ಳಲಾರದ ರೋಗಿಗಳುಂಟು. ಕಚೇರಿಯ ಪುಸ್ತಕದಲ್ಲಿ ಇವರ ಹೆಸರಿರುತ್ತದೆ. ಇಂದು ಇವರು ಉಂಡರೇ ಎಂಬುದು ಇರುವುದಿಲ್ಲ. ಅದನ್ನು ಬಲ್ಲವರು ಪಕ್ಕದ ಮನೆಯವರು ಮಾತ್ರ. ಕಾಯಿದೆಯು ನಾಡಿನ ಹಸಿವನ್ನು ನೋಡುತ್ತದೆ. ನೆರೆಯವನು ಒಬ್ಬನ ಹಸಿವನ್ನು ನೋಡುತ್ತಾನೆ. ನಮಗೆ ಎರಡೂ ಬೇಕು.

ಈಗ ಅಡಿಗೆಗೆ ಗ್ಯಾಸು ಬಂದಿದೆ. ಬೆಳಕಿಂಡಿಯ ಹೊಗೆಯನ್ನು ನೋಡಿ ನೆರೆಮನೆಯ ಸ್ಥಿತಿಯನ್ನು ತಿಳಿಯುವ ಕಾಲ ಹೋಯಿತು. ಆದ್ದರಿಂದ ನೋಡುವ ಕಣ್ಣು ಇನ್ನಷ್ಟು ಸೂಕ್ಷ್ಮವಾಗಬೇಕು. ಗೆಳೆಯನು ಬಿಸಿಯೂಟದ ಒಂದು ಪಾಲನ್ನು ಡಬ್ಬಿಯಲ್ಲಿ ಮನೆಗೆ ಒಯ್ಯುತ್ತಿದ್ದರೆ ನಗುವ ಮೊದಲು ಯಾರಿಗಾಗಿ ಒಯ್ಯುತ್ತಿರುವನೆಂದು ಯೋಚಿಸಬೇಕು. ಓದು ಬಾರದ ಅಜ್ಜಿಯ ಪಡಿತರ ಚೀಟಿಯ ಅರ್ಜಿಯನ್ನು ತುಂಬಿಕೊಡುವುದೂ ದಾಸೋಹವೇ. ಕೊಡುವಾಗ ಹತ್ತು ಜನರಿಗೆ ತೋರುವಂತೆ ಕೊಡದೆ, ಪಡೆಯುವವರು ನಾಳೆಯೂ ನಮ್ಮ ಮುಖವನ್ನು ನೇರವಾಗಿ ನೋಡುವಂತೆ ಕೊಡಬೇಕು. ಹಂಚಿ ಉಂಡರೆ ಹಸಿವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಂಚುವ ಕೈಯೂ ಉಣ್ಣುವ ಕೈಯೂ ಒಂದೇ ಎತ್ತರದಲ್ಲಿದ್ದಾಗ ಆ ಮಾತು ಪೂರ್ಣವಾಗುತ್ತದೆ.