ಕೊಡೆ, ಕೊಳೆರೋಗ ಮತ್ತು ಐಕ್ಯೂ: ಸೈಕಾಲಜಿಯ ಮೊದಲ ಪಾಠ

ಸೈಕಾಲಜಿ ಓದ್ತಿದೀನಿ ಅಂದ್ರೆ ಸಾಕು, "ಹಾಗಾದ್ರೆ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ" ಅನ್ನೋರು ಹಾಸ್ಟೆಲ್‌ನಲ್ಲಿ ಹತ್ತು ಜನ ಸಿಗ್ತಾರೆ. ಆ ಪ್ರಶ್ನೆಗೆ ಸೈಕಾಲಜಿಯಲ್ಲಿ ಉತ್ತರ ಇಲ್ಲ. ಮನುಷ್ಯರ ನಡವಳಿಕೆ, ಅದರ ಹಿಂದಿನ ಯೋಚನೆ ಮತ್ತು ಭಾವನೆಗಳನ್ನು ಸಾಕ್ಷಿ ಇಟ್ಟುಕೊಂಡು ಅಭ್ಯಾಸ ಮಾಡುವ ವಿಜ್ಞಾನ ಅದು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಇದಕ್ಕಾಗಿ ಒಂದು ಲ್ಯಾಬ್ ಶುರು ಮಾಡಿದರು. ನಮ್ಮ ಮೈಸೂರಿನಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಬಂತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ರೇಡಿಯೋ ಕೇಂದ್ರವನ್ನೂ ಶುರು ಮಾಡಿದರು. ಇಸಿ ಬ್ರಾಂಚಿನವರು ಖುಷಿಪಡಬಹುದು!

ಈ ಲೇಖನದಲ್ಲಿ ದೊಡ್ಡ ಥಿಯರಿಗಳು ಬೇಡ. ಸೈಕಾಲಜಿಯವರು ಒಂದು ಮಾತನ್ನು 'ನಿಜ' ಅಂತ ಹೇಳೋಕೆ ಮುಂಚೆ ಏನೇನು ನೋಡ್ತಾರೆ ಅನ್ನೋದಷ್ಟೇ ಇವತ್ತಿನ ಪಾಠ.

1. ಮೊದಲು, ಏನನ್ನು ಅಳೀತಿದೀರಿ?

ಉದ್ದ, ವೋಲ್ಟೇಜ್ ಅಳೆಯೋದು ನಮಗೆ ಗೊತ್ತು. 'ನೆನಪು' ಅನ್ನೋದನ್ನು ಅಳೆಯೋದು ಹೇಗೆ? 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ಒಂದು ದಾರಿ ತೋರಿಸಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಸ್ವಲ್ಪ ಸಮಯ ಬಿಟ್ಟು ಅದನ್ನೇ ಮತ್ತೆ ಕಲಿತರು. ಎರಡನೇ ಸಲ ಎಷ್ಟು ಸಮಯ ಉಳೀತೋ ಅಷ್ಟು ನೆನಪು ಉಳಿದಿತ್ತು ಅಂತ ಲೆಕ್ಕ. ಹೀಗೆ ಕಣ್ಣಿಗೆ ಕಾಣದ ಒಂದು ವಿಷಯವನ್ನು ಅಳೆಯಬಹುದಾದ ರೂಪದಲ್ಲಿ ಹೇಳೋದಕ್ಕೆ 'ಆಪರೇಷನಲ್ ಡೆಫಿನಿಷನ್' ಅಂತಾರೆ. "ಮೊಬೈಲ್‌ನಿಂದ ಓದು ಹಾಳಾಗ್ತಿದೆ" ಅಂತ ಯಾರಾದ್ರೂ ಹೇಳಿದ್ರೆ ಕೇಳಿ: ಓದು ಅಂದ್ರೆ ಏನು? ಸಿಜಿಪಿಎನಾ, ಓದಿದ ಗಂಟೆಗಳಾ, ನೆನಪಲ್ಲಿ ಉಳಿದ ಪಾಠವಾ?

2. ಕೊಡೆಯಿಂದ ಕೊಳೆರೋಗ ಬರುತ್ತಾ?

ಯಲ್ಲಾಪುರ ತಾಲೂಕಿನ ಮಾಗೋಡಿಗೆ ಬೇಡ್ತಿ ನದಿಯ ಜಲಪಾತ ನೋಡೋಕೆ ಬರುವವರಿಗೆ ಮಳೆಗಾಲ ಅಂದ್ರೆ ಒಳ್ಳೆ ಫೋಟೋ. ಅಲ್ಲಿನ ಅಡಿಕೆ ತೋಟದವರಿಗೆ ಮಳೆಗಾಲ ಅಂದ್ರೆ ಕೊಳೆರೋಗದ ಚಿಂತೆ. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಡಿಗಳಲ್ಲಿ ತಿಂಗಳಿಗೆ ಎಷ್ಟು ಕೊಡೆ ಮಾರಾಟ ಆಯ್ತು, ತೋಟಗಳಲ್ಲಿ ಎಷ್ಟು ಕೊಳೆ ಬಂತು ಅಂತ ಗ್ರಾಫ್ ಹಾಕಿದೆವು ಅಂದ್ಕೊಳ್ಳಿ. ಎರಡೂ ಒಟ್ಟಿಗೇ ಏರುತ್ತವೆ. ಹಾಗಂತ ಕೊಡೆ ಮಾರೋದನ್ನು ನಿಲ್ಲಿಸಿದರೆ ಅಡಿಕೆ ಉಳಿಯುತ್ತಾ? ಇಲ್ಲ. ಎರಡಕ್ಕೂ ಕಾರಣ ಮಳೆ.

ಎರಡು ಸಂಗತಿ ಒಟ್ಟಿಗೆ ಏರಿಳಿಯೋದು ಸಹಸಂಬಂಧ, ಅಂದರೆ ಕೋರಿಲೇಷನ್. ಹಿಂದೆ ನಿಂತು ಎರಡನ್ನೂ ಆಡಿಸುವ ಮಳೆಯಂಥದ್ದು ಮೂರನೇ ವೇರಿಯಬಲ್. "ಮೊಬೈಲ್ ಜಾಸ್ತಿ ನೋಡೋರಿಗೆ ಡಿಪ್ರೆಷನ್ ಜಾಸ್ತಿ" ಅನ್ನೋ ಸುದ್ದಿಯನ್ನೂ ಹೀಗೇ ಓದಬೇಕು. ಮೊಬೈಲ್‌ನಿಂದ ಬೇಜಾರು ಬಂತಾ, ಬೇಜಾರಾದವರು ಮೊಬೈಲ್ ಹಿಡಿದರಾ, ಅಥವಾ ಒಂಟಿತನ ಎರಡನ್ನೂ ತಂತಾ? ಬರೀ ಸರ್ವೆಯಿಂದ ಇದು ಗೊತ್ತಾಗಲ್ಲ.

3. ಹಾಗಾದ್ರೆ ಪ್ರಯೋಗ ಮಾಡಿ

ಕಾರಣ ತಿಳಿಯಬೇಕು ಅಂದ್ರೆ ಪ್ರಯೋಗ ಬೇಕು. "ಹೊಸ ಔಷಧ ಹೊಡೆದೆ, ಕೊಳೆ ಬರಲಿಲ್ಲ" ಅಂತ ತೋಟದವರೊಬ್ಬರು ಹೇಳಬಹುದು. ಆದ್ರೆ ಆ ವರ್ಷ ಮಳೆಯೇ ಕಡಿಮೆ ಇದ್ದರೆ? ಅದಕ್ಕೇ ಅದೇ ತೋಟದ ಅರ್ಧ ಮರಗಳಿಗೆ ಹೊಸದು, ಇನ್ನರ್ಧಕ್ಕೆ ಮಾಮೂಲಿ ಬೋರ್ಡೋ ದ್ರಾವಣ ಹೊಡೆದು ಹೋಲಿಸಬೇಕು. ಯಾವ ಮರಕ್ಕೆ ಯಾವುದು ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಈ ಚೀಟಿ ಎತ್ತುವ ಪದ್ಧತಿಯನ್ನು ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಇಂಗ್ಲೆಂಡಿನ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದಾಗ ಬೆಳೆಸಿದರು. ಸೈಕಾಲಜಿ ಇವತ್ತಿಗೂ ಅದನ್ನೇ ಬಳಸುತ್ತೆ.

ಹಾಸ್ಟೆಲ್‌ನಲ್ಲೇ ಮಾಡಿ ನೋಡಬಹುದು. 60 ಜನರನ್ನು ಚೀಟಿ ಎತ್ತಿ 30-30 ಮಾಡಿ. ಒಂದು ಗುಂಪಿನ ಫೋನ್ ಮೇಜಿನ ಮೇಲೆ, ಇನ್ನೊಂದು ಗುಂಪಿನದು ಬೇರೆ ರೂಮಲ್ಲಿ. ಇಬ್ಬರಿಗೂ ಅದೇ 20 ಪದ, ಅಷ್ಟೇ ಸಮಯ. ನಾವು ಬದಲಿಸೋದು ಫೋನ್ ಇರುವ ಜಾಗ. ಅದು ಇಂಡಿಪೆಂಡೆಂಟ್ ವೇರಿಯಬಲ್. ಅಳೆಯೋದು ನೆನಪಾದ ಪದಗಳ ಸಂಖ್ಯೆ. ಅದು ಡಿಪೆಂಡೆಂಟ್ ವೇರಿಯಬಲ್. "ಯಾರು ಫೋನ್ ಬಿಟ್ಟಿರ್ತೀರಿ?" ಅಂತ ಕೇಳಿ ಗುಂಪು ಮಾಡಿದರೆ ಮೊದಲೇ ಶಿಸ್ತಿನವರೆಲ್ಲ ಒಂದೇ ಕಡೆ ಸೇರ್ತಾರೆ, ಪ್ರಯೋಗ ಕೆಡುತ್ತೆ. ಇನ್ನೊಂದು ಮಾತು: ಮರಕ್ಕೆ ಕೇಳಬೇಕಾಗಿಲ್ಲ, ಮನುಷ್ಯರಿಗೆ ಕೇಳಬೇಕು. ವಿಷಯ ತಿಳಿಸಿ ಒಪ್ಪಿಗೆ ತಗೊಳ್ಳೋದು, ಬೇಡ ಅಂದ್ರೆ ಮಧ್ಯದಲ್ಲೇ ಬಿಡೋದು, ಹೆಸರು ಹೊರಗೆ ಹೇಳದಿರೋದು, ಇವಿಲ್ಲದೆ ಪ್ರಯೋಗ ಮಾಡೋ ಹಾಗಿಲ್ಲ.

4. ವರ್ನಿಯರ್ ಮತ್ತು ಐಕ್ಯೂ

ಫಸ್ಟ್ ಇಯರ್ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ನೆನಪಿದೆಯಲ್ಲ? ಝೀರೋ ಎರರ್ ಇದ್ದರೆ ಹತ್ತು ಸಲ ಅಳೆದರೂ ಅದೇ ರೀಡಿಂಗ್, ಹತ್ತು ಸಲವೂ ತಪ್ಪು. ಮತ್ತೆ ಮತ್ತೆ ಅದೇ ಉತ್ತರ ಬರೋದು ರಿಲಯಬಿಲಿಟಿ. ಅಳೆಯಬೇಕಾದ್ದನ್ನೇ ಅಳೆಯೋದು ವ್ಯಾಲಿಡಿಟಿ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇದೆ ಅಂತಲ್ಲ.

ಇದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೊನ್, ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸೋಕೆ ಒಂದು ಪರೀಕ್ಷೆ ಮಾಡಿದರು. ಅದನ್ನು ಬರೀ ಅನುವಾದ ಮಾಡಿ ನಮ್ಮ ಮಕ್ಕಳಿಗೆ ಕೊಟ್ಟರೆ ಆಗಲ್ಲ. ಕಂಡೇ ಇಲ್ಲದ ವಸ್ತುವಿನ ಬಗ್ಗೆ ಕೇಳಿದರೆ ಬುದ್ಧಿ ಗೊತ್ತಾಗಲ್ಲ, ಪರಿಚಯ ಇದೆಯೋ ಇಲ್ಲವೋ ಅನ್ನೋದು ಮಾತ್ರ ಗೊತ್ತಾಗುತ್ತೆ. ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಇದನ್ನು ಹೊಂದಿಸಿ, ಧಾರವಾಡದ ಮಕ್ಕಳ ಮೇಲೆ ಪರೀಕ್ಷಿಸಿ, 1934ರಲ್ಲಿ ಲೇಖನವಾಗಿಯೂ 1940ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಆಗ ಧಾರವಾಡವೂ ನಮ್ಮ ಉತ್ತರ ಕನ್ನಡವೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಹಾಗಾಗಿ ಅದಕ್ಕೆ ಬಾಂಬೆ-ಕರ್ನಾಟಕ ಆವೃತ್ತಿ ಅಂತ ಹೆಸರು ಬಂತು. ಈಗ ಬಿನೆ-ಕಾಮತ್ ಟೆಸ್ಟ್ ಅಂತಾರೆ.

ಲೆಕ್ಕ ಸುಲಭ: ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿ. 8 ವರ್ಷದ ಮಗು 10 ವರ್ಷದವರ ಮಟ್ಟದ ಪ್ರಶ್ನೆ ಬಿಡಿಸಿದರೆ 125. ಆದರೆ '10 ವರ್ಷದವರ ಮಟ್ಟ' ಅನ್ನೋದು ಯಾವ ಕಾಲದ ಮಕ್ಕಳದ್ದು? ಹಲವು ದೇಶಗಳಲ್ಲಿ ಇಂಥ ಪರೀಕ್ಷೆಗಳ ಅಂಕ ತಲೆಮಾರಿನಿಂದ ತಲೆಮಾರಿಗೆ ಏರ್ತಾ ಬಂದಿದೆ ಅಂತ ಜೇಮ್ಸ್ ಫ್ಲಿನ್ ತೋರಿಸಿದ್ದಾರೆ. ಹಳೇ ಅಳತೆಗೋಲು ಇಟ್ಟರೆ ಇವತ್ತಿನ ಮಗುವಿನ ಅಂಕ ಇರೋದಕ್ಕಿಂತ ಜಾಸ್ತಿ ಕಾಣಬಹುದು. ಈ ಟೆಸ್ಟನ್ನು ಇವತ್ತಿಗೂ ನಮ್ಮ ದೇಶದಲ್ಲಿ ಬಳಸ್ತಾರೆ. ಬೌದ್ಧಿಕ ಅಂಗವೈಕಲ್ಯದ ಸರ್ಟಿಫಿಕೇಟ್‌ಗೂ ಐಕ್ಯೂ ಅಂಕ ನೋಡ್ತಾರೆ. ಅಂಕ ಸುಳ್ಳೇ ಮೇಲೆ ಹೋದರೆ ನಿಜವಾಗಿ ಸಹಾಯ ಬೇಕಾದ ಮಗುವಿಗೆ ಸಹಾಯ ತಪ್ಪಬಹುದು. ಸರಿಯಾಗಿ ಬರದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಉಲ್ಟಾ: ಚುರುಕಾದ ಮಗುವಿಗೆ 'ದಡ್ಡ' ಅನ್ನೋ ಹಣೆಪಟ್ಟಿ ಬೀಳುತ್ತೆ. ಕ್ಯಾಲಿಬ್ರೇಷನ್ ತಪ್ಪಿದ ಮೀಟರ್ ಆದರೆ ಬಿಸಾಕಬಹುದು, ಮಗುವಿನ ಹಣೆಪಟ್ಟಿ ಅಷ್ಟು ಸುಲಭಕ್ಕೆ ಕಿತ್ತು ಬರಲ್ಲ.

5. ಯಾರನ್ನು ಕೇಳಿದಿರಿ?

2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಒಂದು ಮುಜುಗರದ ವಿಷಯ ಮುಂದಿಟ್ಟರು: ಸೈಕಾಲಜಿಯ ಮುಖ್ಯ ಜರ್ನಲ್‌ಗಳಲ್ಲಿ ಪ್ರಯೋಗಕ್ಕೆ ಒಳಗಾದವರಲ್ಲಿ 96% ಜನ, ಜಗತ್ತಿನ ಜನಸಂಖ್ಯೆಯ 12% ಮಾತ್ರ ಇರುವ ದೇಶಗಳವರು. 2015ರಲ್ಲಿ ಹಳೆಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಮೊದಲಿನಂತೆ ಫಲಿತಾಂಶ ಬಂದದ್ದು ಅರ್ಧಕ್ಕಿಂತ ಕಡಿಮೆಯವಕ್ಕೆ. ಸೈಕಾಲಜಿಯವರೇ ಇದನ್ನು ಪರೀಕ್ಷಿಸಿ ತಾವೇ ಪ್ರಕಟಿಸಿದರು ಅನ್ನೋದು ಆ ವಿಷಯದ ಮೇಲೆ ನನಗಿರುವ ನಂಬಿಕೆಯನ್ನು ಹೆಚ್ಚಿಸಿದೆ.

ನಮ್ಮ ಕ್ಯಾಂಪಸ್‌ನಲ್ಲೂ ಇದೇ ಕಥೆ. ವಾಟ್ಸಾಪ್ ಗ್ರೂಪಿಗೆ ಇಂಗ್ಲಿಷ್‌ನಲ್ಲಿ ಒಂದು ಗೂಗಲ್ ಫಾರ್ಮ್ ಹಾಕಿ, ಬಂದ 40 ಉತ್ತರಗಳಿಂದ 'ವಿದ್ಯಾರ್ಥಿಗಳ ಮನಸ್ಥಿತಿ' ಅಂತ ಪ್ರಾಜೆಕ್ಟ್ ಮುಗಿಸ್ತೀವಿ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಹುಡುಗಿ, ಪಿಯುವರೆಗೆ ಕನ್ನಡದಲ್ಲೇ ಓದಿ ಬಂದ ಜೂನಿಯರ್, ಟೆನ್ಷನ್‌ನಲ್ಲಿ ಗ್ರೂಪನ್ನೇ ಮ್ಯೂಟ್ ಮಾಡಿದವನು, ಇವರ್ಯಾರೂ ಆ 40ರಲ್ಲಿ ಇಲ್ಲದಿರಬಹುದು. ನಾವು ಮುಖ್ಯವಾಗಿ ಕೇಳಬೇಕಾಗಿದ್ದದ್ದು ಅವರನ್ನೇ.

ಮುಂದಿನ ಸಲ ಒಂದು ಸರ್ವೆ ಮಾಡುವಾಗ, ಅಥವಾ "ಸೈಕಾಲಜಿ ಹೇಳುತ್ತೆ" ಅಂತ ಶುರುವಾಗುವ ರೀಲ್ ನೋಡಿದಾಗ ನಾಲ್ಕು ಪ್ರಶ್ನೆ ಕೇಳಿ: ಏನನ್ನು ಅಳೆದರು? ಯಾರನ್ನು ಕೇಳಿದರು? ಹೋಲಿಸೋಕೆ ಇನ್ನೊಂದು ಗುಂಪು ಇತ್ತಾ? ಮತ್ತೆ ಮಾಡಿದಾಗಲೂ ಹಾಗೇ ಬಂತಾ? ನಾಲ್ಕಕ್ಕೂ ಉತ್ತರ ಸಿಕ್ಕರೆ ಶೇರ್ ಮಾಡಿ.