‘ಸ್ಪ್ಯಾಮ್’ ಎಂಬ ಶಬ್ದದ ಅರ್ಥವೂ ಉತ್ಪತ್ತಿಯೂ

ನಾವು ಕೇಳದೆಯೇ, ಗುರುತಿಲ್ಲದವರಿಂದ, ಏಕಕಾಲದಲ್ಲಿ ಸಹಸ್ರಾರು ಮಂದಿಗೆ ಕಳುಹಿಸಲ್ಪಡುವ ಇಮೇಲ್ ಮುಂತಾದ ಸಂದೇಶಗಳಿಗೆ ಆಂಗ್ಲ ಭಾಷೆಯಲ್ಲಿ ‘ಸ್ಪ್ಯಾಮ್’ ಎಂದು ಹೆಸರು. ಈ ಶಬ್ದವು ಮೊದಲು ಒಂದು ತಿನಿಸಿನ ಹೆಸರಾಗಿತ್ತೆಂಬುದು ಅನೇಕರಿಗೆ ತಿಳಿಯದು.

ಅಮೆರಿಕ ದೇಶದ ಮಿನೆಸೋಟ ಪ್ರಾಂತ್ಯದ ಹಾರ್ಮೆಲ್ ಸಂಸ್ಥೆಯು 1937ರಲ್ಲಿ ಉಪ್ಪು, ಸಕ್ಕರೆ ಬೆರೆಸಿದ ಹಂದಿಯ ಮಾಂಸವನ್ನು ಡಬ್ಬಿಗಳಲ್ಲಿ ತುಂಬಿ ಈ ಹೆಸರಿನಿಂದ ಮಾರತೊಡಗಿತು. ಹೆಸರನ್ನು ಸೂಚಿಸಿದ ಒಬ್ಬ ನಟನಿಗೆ 100 ಡಾಲರುಗಳ ಬಹುಮಾನವು ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ತಾಜಾ ಮಾಂಸವು ದುರ್ಲಭವಾದಾಗ ಸೈನಿಕರಿಗೂ ಬ್ರಿಟನ್ನಿನ ಜನರಿಗೂ ಇಂಥ ಡಬ್ಬಿಗಳೇ ಆಧಾರವಾದವು. ಆದರೆ ಅತಿಯಾದರೆ ಅಮೃತವೂ ವಿಷವಲ್ಲವೇ? ಅದನ್ನೇ ಮತ್ತೆ ಮತ್ತೆ ಉಂಡವರಿಗೆ ಬೇಸರ ಹುಟ್ಟಿತು.

1970ರಲ್ಲಿ ‘ಮಾಂಟಿ ಪೈಥಾನ್’ ಎಂಬ ಹಾಸ್ಯತಂಡದವರು ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ಒಂದು ಪ್ರಹಸನವನ್ನು ಆಡಿ ತೋರಿಸಿದರು. ಅದರಲ್ಲಿ ಬರುವ ಹೋಟೆಲಿನ ಬಹುತೇಕ ಎಲ್ಲಾ ತಿಂಡಿಗಳಲ್ಲಿಯೂ ಸ್ಪ್ಯಾಮ್ ಸೇರಿರುತ್ತದೆ. ಒಬ್ಬ ಹೆಂಗಸು ತನಗೆ ಅದು ಬೇಡವೆನ್ನುತ್ತಾಳೆ. ಪಕ್ಕದಲ್ಲಿ ಕುಳಿತವರು ಆ ಹೆಸರನ್ನೇ ಗಟ್ಟಿಯಾಗಿ ಹಾಡಿ ಉಳಿದವರ ಮಾತನ್ನೆಲ್ಲ ಮುಳುಗಿಸಿಬಿಡುತ್ತಾರೆ. ಕಂಪ್ಯೂಟರುಗಳ ಮೂಲಕ ಸಂಭಾಷಿಸುತ್ತಿದ್ದ ಜನರು, ಒಂದೇ ಮಾತನ್ನು ಪುನಃ ಪುನಃ ತುರುಕಿ ಇತರರ ಮಾತಿಗೆಡೆಯಿಲ್ಲದಂತೆ ಮಾಡುವ ಉಪದ್ರವಕ್ಕೆ ಈ ಹೆಸರನ್ನೇ ಇಟ್ಟರು. ಕೃತ್ಯವಾದರೋ ಹೆಸರಿಗಿಂತ ಹಳೆಯದು: 1978ರ ಮೇ ತಿಂಗಳಲ್ಲಿಯೇ ಕಂಪ್ಯೂಟರ್ ಮಾರಾಟದ ಜಾಹೀರಾತೊಂದು ಸುಮಾರು 400 ಮಂದಿಗೆ ಒಮ್ಮೆಗೇ ಹೋಗಿತ್ತು. 1994ರಲ್ಲಿ ಅಮೆರಿಕದ ಇಬ್ಬರು ವಕೀಲರು ತಮ್ಮ ಜಾಹೀರಾತನ್ನು ಸಾವಿರಾರು ಚರ್ಚಾಮಂಡಲಿಗಳಿಗೆ ಕಳುಹಿಸಿದಾಗ ಈ ಶಬ್ದವು ಬಹುಪ್ರಸಿದ್ಧವಾಯಿತು.

ತಿನಿಸನ್ನು ಸೂಚಿಸುವಾಗ ಹೆಸರನ್ನೆಲ್ಲ ದೊಡ್ಡ ಅಕ್ಷರಗಳಲ್ಲಿಯೂ, ಸಂದೇಶವನ್ನು ಸೂಚಿಸುವಾಗ ಸಣ್ಣ ಅಕ್ಷರಗಳಲ್ಲಿಯೂ ಬರೆಯಬೇಕೆಂದು ಆ ಸಂಸ್ಥೆಯವರು ಕೋರಿದ್ದಾರೆ. ನಮ್ಮ ಲಿಪಿಯಲ್ಲಿ ಅಂಥ ಭೇದವಿಲ್ಲವಾದುದರಿಂದ ಸಂದರ್ಭವೇ ಅರ್ಥಸೂಚಕ.

ಅಂಚೆಯ ಕಾಗದಕ್ಕೆ ಕಳುಹಿಸುವವನೇ ಚೀಟಿಯ ಹಣವನ್ನು ತೆರುತ್ತಾನೆ. ಇಲ್ಲಿ ಕಳುಹಿಸುವವನಿಗೆ ವೆಚ್ಚವು ಅತ್ಯಲ್ಪ. ಓದುವವರ ಕಾಲವೇ ವ್ಯಯವಾಗುತ್ತದೆ. ಆದುದರಿಂದ ಸಂದೇಶದಲ್ಲಿರುವ ವಸ್ತು ಒಳ್ಳೆಯದೋ ಕೆಟ್ಟದೋ ಎಂಬುದಕ್ಕಿಂತ, ಪಡೆಯುವವರ ಸಮ್ಮತಿಯಿತ್ತೇ ಎಂಬುದೇ ಮುಖ್ಯ ಪ್ರಶ್ನೆ. ಇವುಗಳಲ್ಲಿ ಕೆಲವು ಬ್ಯಾಂಕಿನ ಹೆಸರಿನಲ್ಲಿ ಬಂದು ಗುಪ್ತಸಂಖ್ಯೆಯನ್ನು ಕೇಳುವ ವಂಚನೆಗಳೂ ಆಗಿರುತ್ತವೆ. ಅದನ್ನು ಯಾರಿಗೂ ಕೊಡಲಾಗದೆಂದು ಮನೆಯ ಹಿರಿಯರಿಗೂ ಮಕ್ಕಳಿಗೂ ತಿಳಿಸತಕ್ಕದ್ದು. ನಾವೂ ಸಹ ಒಂದು ಸಂದೇಶವನ್ನು ನೂರು ಮಂದಿಗೆ ಕಳುಹಿಸುವ ಮುನ್ನ, ಇದನ್ನು ಕೇಳಿದವರು ಯಾರೆಂದು ಕ್ಷಣಕಾಲ ಯೋಚಿಸುವುದು ಲೇಸು.