ಪ್ರೊಜೆಕ್ಟರ್ ಕೊಳ್ಳುವ ಮುನ್ನ

ಬಳ್ಳಾರಿಗೆ ಹತ್ತಿರದ ಆಲೂರು ಸೀಮೆಯಲ್ಲಿ ಶಾಲೆಗೆ ಪ್ರೊಜೆಕ್ಟರ್ ಕೊಳ್ಳುವವರು ಬೆಲೆಗಿಂತ ಮೊದಲು ಅದರ ಬೆಳಕಿನ ಮೂಲವನ್ನು ವಿಚಾರಿಸುವುದು ಒಳಿತು. ಹಳೆಯ ಬಗೆಯದರಲ್ಲಿ ಅಧಿಕ ಒತ್ತಡದ ಪಾದರಸದ ಆವಿಯುಳ್ಳ ದೀಪವಿದ್ದು, ಸಾಮಾನ್ಯವಾಗಿ 3,000ದಿಂದ 5,000 ಗಂಟೆಗಳಲ್ಲಿ ಅದು ಮಂಕಾಗುತ್ತದೆ. ಆರಿಸಿದ ಮೇಲೂ ಒಳಗಿನ ಫ್ಯಾನು ಕೆಲಹೊತ್ತು ತಿರುಗಿ ಅದನ್ನು ತಣಿಸಬೇಕಾದ್ದರಿಂದ, ಕರೆಂಟು ಹಠಾತ್ತನೆ ಹೋದರೆ ಕಾದ ದೀಪದ ಆಯುಷ್ಯ ತಗ್ಗುತ್ತದೆ. ವಿದ್ಯುತ್ ಹರಿದಾಗ ಬೆಳಗುವ ಅರೆವಾಹಕದ ತುಣುಕಾದ ಎಲ್‌ಇಡಿ ಸುಮಾರು 20,000 ಗಂಟೆ ಬಾಳುತ್ತದೆ, ಅದರಲ್ಲಿ ಪಾದರಸವೂ ಇಲ್ಲ. ಆದರೆ ಅಗ್ಗದ ಎಲ್‌ಇಡಿ ಯಂತ್ರಗಳ ಬೆಳಕು ಹಗಲಿನ ತರಗತಿಗೆ ಸಾಲದು. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನಂಬದೆ, ಯಂತ್ರ ಹೊರಸೂಸುವ ಬೆಳಕನ್ನು ನಿಗದಿತ ವಿಧಾನದಲ್ಲಿ ಅಳೆದು ಹೇಳುವ ಆನ್ಸಿ ಲುಮೆನ್ ಎಷ್ಟೆಂದು ಕೇಳಬೇಕು. ಕಿಟಕಿ ತೆರೆದಿರುವ ಕೋಣೆಗೆ 3,000 ಲುಮೆನ್‌ನ ದೀಪದ ಯಂತ್ರವೇ ಮೇಲು. ಕರೆಂಟು ಹೋದರೂ ಫ್ಯಾನು ತಿರುಗಿ ದೀಪ ತಣಿಯುವಂತೆ, ಜೊತೆಗೊಂದು ಯುಪಿಎಸ್ ಇರಲಿ.